ಅಕ್ಕನ ಪಾಲಿನ ಮೈಸೂರು

ಅಜ್ಜಂಪುರದ ಬಸ್ಸಿನಿಂದ ಇಳಿದು ಬಂದ ಅಕ್ಕ ಕಾಫಿಯನ್ನೂ ಕೇಳಲಿಲ್ಲ. ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿ, ನಾಲ್ಕಾಗಿ ಮಡಚಿದ ನೋಟುಗಳನ್ನು ತೆಗೆದು ನನ್ನ ಡೈನಿಂಗ್ ಟೇಬಲ್ಲಿನ ಮೇಲಿಟ್ಟಳು.

"ಸಾವಿರದೈನೂರು ಐತೆ. ಡೈರಿ ಬಟವಾಡೆ. ಇದು ನನ್ ಪಾಲು. ನೀನೂ ಇಷ್ಟೇ ಹಾಕು, ಒಂದು ರೂಪಾಯಿ ಹೆಚ್ಗೆ ಬ್ಯಾಡ. ಇದ್ರಲ್ಲಿ ಮೈಸೂರು ಎಷ್ಟು ಕಾಣ್ತದೋ ಅಷ್ಟು ಕಂಡ್ಕಂಡು ಬರಾನ."

ಅಕ್ಕ ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಮನೆ ಪಾಲಾದಾಗ ಕಡೂರಿನ ಅಂಗಡಿ ನಮ್ಮ ಕಡೆಗೆ ಬಂತು, ಅಜ್ಜಂಪುರದ ಹೊಲ ಅವರ ಕಡೆಗೆ ಹೋಯಿತು. ಅವಳು ಈಗಲೂ ಮಗ ಸೊಸೆಯ ಜೊತೆ ಅಲ್ಲೇ ಇದ್ದು ಒಂದು ಎಮ್ಮೆ ಕಟ್ಟಿಕೊಂಡಿದ್ದಾಳೆ. ಆ ಎಮ್ಮೆಯ ಹಾಲಿನ ದುಡ್ಡು ಮಾತ್ರ ಅವಳದು, ಅದನ್ನು ಯಾರೂ ಕೇಳುವುದಿಲ್ಲ. ನನ್ನನ್ನು ನಮ್ಮ ತಂದೆ ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಬೋರ್ಡಿಂಗಿಗೆ ಹಾಕಿ ಓದಿಸಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಪಾಯಸಕ್ಕೆ ಸ್ಪೂನ್ ಕೇಳಿದೆನೆಂದು ಅಕ್ಕ ನನಗೆ 'ಕಾನ್ವೆಂಟು' ಎಂದು ಹೆಸರಿಟ್ಟಳು. ಇಬ್ಬರ ಗಂಡಂದಿರೂ ಹೋದರು, ಇಬ್ಬರ ಕೂದಲೂ ಬೆಳ್ಳಗಾಯಿತು. ಹೆಸರು ಮಾತ್ರ ಮಾಸಿಲ್ಲ.

ಈ ಪಾಲಿನ ಹಟ ಅವಳಿಗೆ ಬಂದದ್ದು ಹೋದ ವರ್ಷ, ಕೆಮ್ಮಣ್ಣುಗುಂಡಿಯಲ್ಲಿ. ನಮ್ಮ ಮನೆತನದವರೆಲ್ಲ ಸೇರಿ ಒಂದು ವ್ಯಾನ್ ಮಾಡಿಕೊಂಡು ಹೋಗಿದ್ದೆವು. ತರೀಕೆರೆಯಲ್ಲಿ ತಿಂಡಿಗೆ ನಿಲ್ಲಿಸಿದಾಗ ಹೋಟೆಲಿನವನು ಎಷ್ಟು ಜನ ಎಂದು ಕೇಳಿದ. ನೆಂಟರಲ್ಲೊಬ್ಬರು ಅಕ್ಕನ ಕಡೆ ಬೆರಳು ತೋರಿಸಿ, "ಈ ಅಜ್ಜಮ್ಮಂದು ನಮ್ ಲೆಕ್ಕಕ್ಕೇ ಹಾಕ್ಕಳಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಮೇಲೆ ಹೋದ ಮೇಲೆ ಅಕ್ಕನಿಗೆ ಆ ಹೂದೋಟದ ಬೆಂಚಿನ ಮೇಲೆ ಇನ್ನೊಂದು ಗಳಿಗೆ ಕೂರಬೇಕಿತ್ತು. "ಟೈಮಾಯ್ತು, ಹತ್ತಿ ಹತ್ತಿ" ಎಂದು ಎಬ್ಬಿಸಿದರು. ಎದ್ದಳು. ಎದ್ದು ವ್ಯಾನಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂತಳು. ಕಡೂರಿನಲ್ಲಿ ಇಳಿಯುವಾಗ ನನ್ನೊಬ್ಬಳಿಗೇ ಕೇಳುವಂತೆ, "ಇನ್ಮೇಲೆ ಯಾರ ಹಂಗ್ನಲ್ಲೂ ಏನೂ ನೋಡಕಿಲ್ಲ ಕಣೇ" ಅಂದಳು.

ಆದ್ದರಿಂದ ಆ ದಿನ ಟೇಬಲ್ಲಿನ ಮೇಲೆ ನೋಟು ಇಟ್ಟಾಗ ಅದು ಬರೀ ಬಜೆಟ್ ಅಲ್ಲವೆಂದು ನನಗೆ ಗೊತ್ತಿತ್ತು. ಇಷ್ಟು ವಯಸ್ಸಿಗೆ ಒಂದು ಸಲವಾದರೂ ತನ್ನ ದುಡ್ಡಿನಲ್ಲಿ, ತನಗೆ ಬೇಕಾದ್ದನ್ನು, ತನಗೆ ಬೇಕಾದಷ್ಟು ಹೊತ್ತು ನೋಡಬೇಕು. ಅದು ಅವಳ ಹಟ. ಅದನ್ನು ಕೆಡಿಸದೆ ನಡೆಸಿಕೊಡುವುದು ನನ್ನ ಹಟವಾಯಿತು.

ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ನಾನು ಹೆಡ್‌ಗಳನ್ನು ಹಾಕಿದೆ: ಟ್ರಾವೆಲ್, ಸ್ಟೇ, ಫುಡ್, ಎಂಟ್ರೆನ್ಸ್ ಫೀ, ಮಿಸಲೇನಿಯಸ್. ಕಾನ್ವೆಂಟಿನಲ್ಲಿ ಡೊಮೆಸ್ಟಿಕ್ ಸೈನ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್ ಮಿಸಲೇನಿಯಸ್ ಇಲ್ಲದ ಬಜೆಟ್ಟಿಗೆ ಮಾರ್ಕ್ಸ್ ಕೊಡುತ್ತಿರಲಿಲ್ಲ. ಟ್ರಾವೆಲ್ ಎದುರಿಗೆ ಸೊನ್ನೆ ಬರೆದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ವಯಸ್ಸಿನವರಿಗೂ ಕಾಲು ಬಂದಿದೆ.

"ಏನೇನು ನೋಡೋಣಕ್ಕ?"

"ನಂಗೆ ಜಿರಾಫೆ," ಅಂದಳು ಥಟ್ಟನೆ. "ಅದು ನೀರು ಹೆಂಗೆ ಕುಡಿತೈತೆ ಅಂತ ನೋಡ್ಬೇಕು. ಅಷ್ಟುದ್ದ ಕತ್ತು, ಅಷ್ಟುದ್ದ ಕಾಲು. ಬಗ್ಗಿದ್ರೆ ಮುಗ್ಗರ್ಸಕಿಲ್ವ? ನಿಂಗೆ?"

ನನಗೆ ಅರಮನೆ. ಬೋರ್ಡಿಂಗಿನಿಂದ ಎಕ್ಸ್‌ಕರ್ಶನ್ ಹೋದಾಗ ಒಮ್ಮೆ ಒಳಗೆ ಹೋಗಿದ್ದೆ. ಕಲ್ಯಾಣಮಂಟಪದ ಮೇಲೆ ಬಣ್ಣದ ಗಾಜಿನ ಚಾವಣಿ, ಅದರ ತುಂಬ ನವಿಲುಗಳು. ಸಾಲು ತಪ್ಪಬಾರದೆಂದು ಸಿಸ್ಟರ್ ಬೆನ್ನ ಮೇಲೆ ತಟ್ಟಿ ಮುಂದೆ ಕಳಿಸಿಬಿಟ್ಟಿದ್ದರು. ಆಮೇಲೆ ಮದುವೆ, ಅಂಗಡಿ, ಮಕ್ಕಳು. ಮೈಸೂರಿಗೆ ಹೋದದ್ದುಂಟು, ಆಸ್ಪತ್ರೆಗೆ, ಮುಹೂರ್ತಗಳಿಗೆ. ಅರಮನೆಯೊಳಗೆ ಮತ್ತೆ ಕಾಲಿಟ್ಟಿರಲಿಲ್ಲ.

ಜಗಳ ಆದದ್ದು ಸ್ಟೇ ಎಂಬ ಹೆಡ್ಡಿಗೆ. ಬಸ್‌ಸ್ಟ್ಯಾಂಡಿನ ಹತ್ತಿರ ಕ್ಲೀನ್ ಆದ ಲಾಡ್ಜ್ ನೋಡೋಣ ಎಂದೆ.

"ನೆಂಟ್ರ ಮನೆ ಇಟ್ಕಂಡು ಲಾಡ್ಜಾ? ತರೀಕೆರೆಗೆ ಗೊತ್ತಾದ್ರೆ ನಾ ಮುಖ ಎಲ್ಲಿಡ್ಲಿ?"

ತರೀಕೆರೆ ಎಂದರೆ ಅಕ್ಕನ ಸ್ವಂತ ತಂಗಿ. ಆ ತಂಗಿಯ ಮಗಳನ್ನು ಮೈಸೂರಿಗೆ ಕೊಟ್ಟಿದ್ದಾರೆ. ಹೋದ ವರ್ಷ ಅವರು ಹೊಸ ಮನೆ ಕಟ್ಟಿದ್ದರು. ಅಲ್ಲಿ ಇಳಿದುಕೊಂಡರೆ ಬಾಡಿಗೆಯೂ ಇಲ್ಲ, ಊಟಕ್ಕೂ ಖರ್ಚಿಲ್ಲ. ಪೆನ್ಸಿಲಿನಿಂದ ಸ್ಟೇ, ಫುಡ್ ಎರಡನ್ನೂ ಹೊಡೆದುಹಾಕಿ ಆ ದುಡ್ಡನ್ನೆಲ್ಲ ಎಂಟ್ರೆನ್ಸ್ ಫೀ ಕಡೆಗೆ ತಳ್ಳಿದೆ. ಬಹಳ ಹೆಲ್ತಿ ಬಜೆಟ್ ಆಗಿ ಕಂಡಿತು.

ಹೊರಡುವ ಬೆಳಿಗ್ಗೆ ಅಕ್ಕ ನನ್ನ ಪರ್ಸ್ ತೆಗೆಸಿ ಬ್ಯಾಂಕಿನ ಕಾರ್ಡನ್ನು ಬೀರುವಿನಲ್ಲಿ ಇಡಿಸಿದಳು. ಫೋನಿನಲ್ಲಿ ದುಡ್ಡು ಕಟ್ಟುವುದೂ ಬೇಡವೆಂದು ಪ್ರಮಾಣ ಮಾಡಿಸಿಕೊಂಡಳು.

ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕೇಳಿದ.

"ತಗಳಪ್ಪ. ಫೋಟೋ ನೋಡಿ ಹೆದ್ರಬ್ಯಾಡ, ಅದು ನಾನೇಯ."

ಸೊನ್ನೆ ರೂಪಾಯಿಯ ಟಿಕೆಟ್ಟು ಕೈಗೆ ಬಂದಾಗ ನಾನು ಸುಮ್ಮನಿರಲಾರದೆ, "ಇದು ಹಂಗಲ್ವೇನಕ್ಕ, ಸರ್ಕಾರದ್ದು?" ಎಂದು ಕೆಣಕಿದೆ.

"ಓಟು ಹಾಕಿಲ್ವ? ಮುಯ್ಯಿಗೆ ಮುಯ್ಯಿ. ಸುಮ್ಕೆ ಕೂತ್ಕ."

ಅರಸೀಕೆರೆಯಲ್ಲಿ ಬಸ್ ಬದಲಿಸಿ, ನಿದ್ದೆ ಮಾಡಿ, ಚಕ್ಕುಲಿ ತಿಂದು, ಮಧ್ಯಾಹ್ನದ ಮೇಲೆ ಮೈಸೂರು ಸೇರಿದೆವು. ಸಿಟಿ ಬಸ್ಸು ಹಿಡಿದು ಆ ಹೊಸ ಲೇಔಟಿನಲ್ಲಿ ಇಳಿದು, ಮನೆ ಇನ್ನೇನು ಎರಡು ಕ್ರಾಸ್ ಇದೆ ಎನ್ನುವಾಗ ಅಕ್ಕ ರಸ್ತೆಯ ನಡುವೆ ನಿಂತುಬಿಟ್ಟಳು.

"ಏ ಕಾನ್ವೆಂಟು. ನಾವು ಇವ್ರ ಗೃಹಪ್ರವೇಶಕ್ಕೆ ಬಂದಿರ್ಲಿಲ್ಲ."

ಬಂದಿರಲಿಲ್ಲ. ಆಗ ಅವಳ ಎಮ್ಮೆ ಕರು ಹಾಕಿತ್ತು, ನನಗೆ ಕಣ್ಣಿನ ಆಪರೇಶನ್ ಆಗಿತ್ತು. ಹೊಸ ಮನೆಗೆ ಮೊದಲ ಸಲ ಕಾಲಿಡುವ ನೆಂಟರು ಬರಿಗೈಯಲ್ಲಿ ಹೋಗುವಂತಿಲ್ಲ. ಅದರ ಮೇಲೆ ಅಕ್ಕನದು ಮುಯ್ಯಿಯ ಬಾಕಿ. ಅಜ್ಜಂಪುರದ ಮನೆಗೆ ತಾರಸಿ ಹಾಕಿಸಿ ಹಾಲು ಉಕ್ಕಿಸಿದ ದಿನ ತರೀಕೆರೆ ತಂಗಿ ದೊಡ್ಡ ಹಿತ್ತಾಳೆ ಕೊಡ ತಂದು ಮುಯ್ಯಿ ಮಾಡಿದ್ದಳು. ನಮ್ಮ ಕಡೆ ಮುಯ್ಯಿ ಸಾಲಕ್ಕಿಂತ ಗಟ್ಟಿ. ಸಾಲವನ್ನು ಬ್ಯಾಂಕು ಮನ್ನಾ ಮಾಡಬಹುದು. ಪಡೆದ ಮುಯ್ಯಿಯನ್ನು ಅವರ ಮನೆಯ ಕಾರ್ಯಕ್ಕೆ ತಿರುಗಿಸಲೇಬೇಕು, ಅದೂ ತೂಕ ಇಳಿಯದ ಹಾಗೆ. ಇಷ್ಟೆಲ್ಲ ಗೊತ್ತಿರುವ ಇಬ್ಬರು ಮುದುಕಿಯರು ದುಡ್ಡು ಉಳಿಸಲೆಂದು ಆ ಮನೆಯನ್ನೇ ಆರಿಸಿಕೊಂಡಿದ್ದೆವು.

ಬಂದ ದಾರಿಗೇ ತಿರುಗಿ ಒಂದು ಪಾತ್ರೆ ಅಂಗಡಿ ಹೊಕ್ಕೆವು. ಅಂಗಡಿಯವನು ಸ್ಟೀಲ್ ಡಬ್ಬಿಯ ಸೆಟ್ ಇಳಿಸಿ, ಗಿಫ್ಟ್ ಪ್ಯಾಕ್ ಮಾಡಿಕೊಡುತ್ತೇನೆಂದ. ನಾನು ಹೂಂ ಎನ್ನುವಷ್ಟರಲ್ಲಿ ಅಕ್ಕ ಹಿತ್ತಾಳೆಯ ಜೋಡಿ ದೀಪದ ಕಂಬಗಳನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು. ಚೌಕಾಸಿಯಾಗಿ ಸಾವಿರದ ನೂರೈವತ್ತಕ್ಕೆ ಬಂದು ನಿಂತಿತು.

"ಅರ್ಧ ನಾನು ಹಾಕ್ತೀನಿ. ಇಬ್ಬರ ಹೆಸರಲ್ಲೂ ಇರಲಿ."

"ಅವ್ಳು ಕೊಟ್ಟ ಕೊಡ ನಿನ್ ಮನೇಲೈತೋ, ನನ್ ಮನೇಲೈತೋ?"

"ನಿನ್ನ ಮನೇಲಿ."

"ಮತ್ತೆ?"

"ಲಾಡ್ಜ್ ಬಾಡಿಗೆ ಇದಕ್ಕಿಂತ ಕಡಿಮೆ ಆಗ್ತಿತ್ತಕ್ಕ."

"ಆಗ್ತಿತ್ತು. ಈಗ ಅದನ್ನ ಹೇಳಿ ಏನ್ ಬಂತು," ಎಂದು ಸಂಚಿ ಬಿಚ್ಚಿದಳು. ನಾನು ನನ್ನ ಕಡೆಯಿಂದ ಒಂದು ರವಿಕೆ ಕಣ, ಹಣ್ಣು ಹೂವು ತೆಗೆದುಕೊಂಡೆ.

ಅಕ್ಕನ ತಂಗಿಯ ಮಗಳು ದೀಪಗಳನ್ನು ಕಂಡು ಕಣ್ಣಿಗೊತ್ತಿಕೊಂಡಳು. ಮನೆಯೆಲ್ಲ ತೋರಿಸಿದಳು. ಮಾಡ್ಯುಲರ್ ಕಿಚನ್ನಿನ ಬಾಗಿಲುಗಳನ್ನು ತೆಗೆದು ಮುಚ್ಚಿ ಅಕ್ಕನಿಗೆ ನಗು ಬರಿಸಿದಳು. ಅಕ್ಕ ನಿಜವಾಗಿಯೂ ಹಗುರಾಗಿದ್ದಳು, ಬಾಕಿ ತೀರಿದವರು ಹಗುರಾಗುವ ಹಾಗೆ. ಬಾಕಿ ತೀರಿದ ಮೇಲೆ ಕೈಯಲ್ಲಿ ಏನು ಉಳಿಯಿತು ಎಂಬ ಯೋಚನೆ ಮಾರನೆಯ ದಿನಕ್ಕೆ ಕಾದಿತ್ತು.

ಭಾನುವಾರ ಬೆಳಿಗ್ಗೆ ಅವಳು ಪೂಜೆ ಮುಗಿಸಿ ವಿಭೂತಿ ಇಟ್ಟುಕೊಂಡು ಬಂದು ನನ್ನ ಮಂಚದ ಮೇಲೆ ಕೂತಳು. ಸಂಚಿಯಲ್ಲಿ ಮುನ್ನೂರೈವತ್ತು. ಅದರಲ್ಲಿ ಅರ್ಧ, ಸೊಸೆಗೆ ಕರೆಯಲು ಬಾರದ್ದರಿಂದ ಅವಳಿಲ್ಲದಾಗ ಎಮ್ಮೆ ಕರೆದು ಡೈರಿಗೆ ಹಾಲು ಹಾಕುತ್ತಿರುವ ಪಕ್ಕದ ಮನೆಯವಳಿಗೆ ಮೈಸೂರುಪಾಕು ಒಯ್ಯಲು. ಅದನ್ನು ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಒಂದು ಕಡೆಗೆ ಒಳಗೆ ಹೋಗಬಹುದು, ಒಂದು ಕಾಫಿ ಕುಡಿಯಬಹುದು.

ತಿಂಡಿ ತಂದ ತಂಗಿಯ ಮಗಳು ನಮ್ಮ ಮುಖ ನೋಡಿಯೇ ಏನೋ ಊಹಿಸಿದಳು. "ದೊಡ್ಡಮ್ಮ, ಕಾರಲ್ಲೇ ಹೋಗೋಣ. ಟಿಕೆಟ್ ಎಲ್ಲ ನಾನು ಆನ್‌ಲೈನಲ್ಲಿ ಮಾಡಿಸ್ತೀನಿ."

"ಬ್ಯಾಡ ಮಗ. ನಿನ್ ಕೈಯೂಟ ಉಣ್ತಾ ಇದೀವಲ್ಲ, ಅಷ್ಟು ಸಾಕು."

ಅವಳು ಒಳಗೆ ಹೋದ ಮೇಲೆ ನಾನು ಹೊಸ ಬಜೆಟ್ ಹೇಳಿದೆ. ನನ್ನ ಪಾಲಿನಲ್ಲಿ ಹೆಚ್ಚು ಉಳಿದದ್ದನ್ನು ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ಅವಳ ಎದುರಿಗೇ ಕಿಟಕಿಯ ಮೇಲಿಟ್ಟೆ. ಈಗ ಇಬ್ಬರ ಕೈಯಲ್ಲೂ ಒಂದೇ ಸಮ. ಇಬ್ಬರೂ ಒಟ್ಟಿಗೆ ಜೂಗೆ ಹೋಗೋಣ, ಅಷ್ಟೇ ಸಾಕು.

"ನಿನ್ ಅರಮನೆ?"

"ಹುಡುಗಿಯಾಗಿದ್ದಾಗ ನೋಡಿದ್ದೀನಲ್ಲಕ್ಕ."

ಅವಳು ನನ್ನನ್ನೇ ನೋಡಿದಳು. "ಅಂದ್ರೆ ನೀ ಬಿಟ್ಕೊಟ್ಟೆ. ಅದೂ ಒಂದು ಹಂಗೇ ಕಣೇ. ಅದ್ನ ಹೊತ್ಕಂಡು ನಾ ಜಿರಾಫೆ ನೋಡ್ಬೇಕಾ? ಬ್ಯಾಡ. ನೀ ಅರಮನೆಗೆ ಹೋಗು. ನಾ ಜೂಗೆ ಹೋಗ್ತೀನಿ."

"ಒಬ್ಬಳೇ?"

"ಒಬ್ಳೇಯ."

ಹೀಗೆ, ಇಬ್ಬರ ಟ್ರಿಪ್ಪಿಗೆ ಒಂದೊಂದೇ ಟಿಕೆಟ್ಟು ಎಂದು ತೀರ್ಮಾನವಾಯಿತು. ಮೊದಲು ಅವಳ ಜೂ, ನಾನು ಹೊರಗೆ ಕೂರುವುದು. ಆಮೇಲೆ ನನ್ನ ಅರಮನೆ, ಅವಳು ಹೊರಗೆ ಕೂರುವುದು. ಸಂಜೆ ಅರಮನೆಯ ದೀಪ ಹಚ್ಚುತ್ತಾರೆ, ಅದನ್ನು ಇಬ್ಬರೂ ರಸ್ತೆಯಲ್ಲಿ ನಿಂತು ನೋಡುವುದು, ಅದಕ್ಕೆ ಫೀ ಇಲ್ಲ. ಸೋಮವಾರ ಮೊದಲ ಬಸ್ಸಿಗೆ ಊರು. ಸಂಜೆ ಎಮ್ಮೆ ಕರೆಯುವ ಹೊತ್ತಿಗೆ ಅಕ್ಕ ಅಜ್ಜಂಪುರದಲ್ಲಿರಬೇಕು.

ಆದರೆ ಆ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಹೋಳಿಗೆ ಬಿಟ್ಟು ಏಳಲು ಬಿಡಲಿಲ್ಲ. ಜೂ ಗೇಟಿನ ಹತ್ತಿರ ಇಳಿದಾಗ ಮೂರರ ಹತ್ತಿರ ಹತ್ತಿರ.

ಅಕ್ಕ ಕ್ಯೂನಲ್ಲಿ ನಿಂತಳು. ಅರ್ಧಕ್ಕೆ ಬಿಟ್ಟು ನನ್ನ ಬಳಿ ಬಂದಳು.

"ಒಳ್ಗೆ ದಾರಿ ತಪ್ಪಿದ್ರೆ?"

"ಬಾಣದ ಗುರುತು ಹಾಕಿರ್ತಾರೆ. ಜನ ಹೋದ ಕಡೆ ಹೋಗು."

"ಯಾರ ಜೊತೆ ಬಂದಿದೀಯ ಅಂತ ಕೇಳಿದ್ರೆ?"

"ಯಾಕೆ ಕೇಳ್ತಾರೆ? ಕೇಳಿದ್ರೆ ಒಬ್ಳೇ ಅನ್ನು."

ಆಗ ನನಗೆ ಹೊಳೆಯಿತು. ಹೊಲಕ್ಕೆ, ಡೈರಿಗೆ, ನನ್ನ ಮನೆಗೆ ಬಿಟ್ಟರೆ ಅಕ್ಕ ಯಾವ ಬಾಗಿಲನ್ನೂ ಒಬ್ಬಳೇ ದಾಟಿದವಳಲ್ಲ. ಬ್ಯಾಂಕಿಗೂ ಮಗನ ಹಿಂದೆ ಹೋಗುವವಳು. ಬೇಡ ಬಾ, ಇಬ್ಬರೂ ಹೋಗೋಣ ಎಂಬ ಮಾತು ನಾಲಿಗೆಯವರೆಗೂ ಬಂತು. ಹಲ್ಲು ಕಚ್ಚಿ ನುಂಗಿಕೊಂಡೆ. ಅವಳು ಸೆರಗು ಬಿಗಿಮಾಡಿ ಮತ್ತೆ ಕ್ಯೂನ ಕೊನೆಗೆ ಹೋಗಿ ನಿಂತಳು. ಕೌಂಟರಿನ ಕಿಂಡಿಯಲ್ಲಿ ಕೈಹಾಕಿ "ಒಂದು" ಅಂದದ್ದು ನಾನು ಕೂತಲ್ಲಿಗೂ ಕೇಳಿಸಿತು. ತಿರುಗಿ ನೋಡದೆ ಒಳಗೆ ಹೋದಳು.

ನಾನು ಮರದ ಕೆಳಗಿನ ಕಟ್ಟೆಯ ಮೇಲೆ ಕೂತು ಜನ ನೋಡಿದೆ. ಬಲೂನು ಮಾರುವವಳು, ಐಸ್‌ಕ್ರೀಮಿಗೆ ಅಳುವ ಮಕ್ಕಳು, ಟೋಪಿ ಹಾಕಿಕೊಂಡ ಒಂದು ಸ್ಕೂಲಿನ ಸಾಲು. ಒಂದು ಗಂಟೆ ಕಳೆಯಿತು. ಅಕ್ಕ ಬರಲಿಲ್ಲ. ಅವಳ ಹತ್ತಿರ ಫೋನಿಲ್ಲ. ಬಿಸಿಲು ಕಟ್ಟೆಯಿಂದ ಇಳಿದು ರಸ್ತೆಯ ಆ ಬದಿಗೆ ಹೋಯಿತು. ಈಗ ಬಂದರೂ ಬಾಗಿಲು ಹಾಕುವ ಮೊದಲು ಆಟೋ ಇಲ್ಲದೆ ಅರಮನೆ ಸಿಕ್ಕುವುದಿಲ್ಲ ಅನ್ನಿಸಿತು. ಸ್ವಲ್ಪ ಹೊತ್ತಿಗೆ, ಆಟೋದಲ್ಲೂ ಸಿಕ್ಕುವುದಿಲ್ಲ ಅನ್ನಿಸಿತು.

ನನ್ನ ಚಡಪಡಿಕೆ ನೋಡಿ ಗೇಟಿನ ಸೆಕ್ಯೂರಿಟಿಯವನು ಬಂದ. "ಯಾರಾದ್ರೂ ಒಳಗವ್ರಾ ಅಮ್ಮ?"

"ನಮ್ಮಕ್ಕ. ಹೋಗಿ ಬಹಳ ಹೊತ್ತಾಯ್ತು."

"ವಯಸ್ಸಾದವ್ರಾ? ಹೆಸ್ರು ಹೇಳಿ, ಮೈಕಲ್ಲಿ ಕೂಗಿಸ್ತೀನಿ. ಎಲ್ಲಿದ್ರೂ ಕರ್ಕಂಡ್ ಬರ್ತಾರೆ."

ಕೂಗಿಸಿದ್ದರೆ ನನಗೆ ಅರಮನೆ ಸಿಕ್ಕುತ್ತಿತ್ತೋ ಏನೋ. ಆದರೆ ಕೆಮ್ಮಣ್ಣುಗುಂಡಿಯ ಬೆಂಚಿನಿಂದ ಎಬ್ಬಿಸಿದ ಹಾಗೆಯೇ ಆಗುತ್ತಿತ್ತು. ಜೊತೆಗೆ ಇಡೀ ಜೂಗೆ ಕೇಳುವಂತೆ ಅವಳ ಹೆಸರು, ಕಳೆದುಹೋದ ಮಗುವಿನ ಹಾಗೆ.

"ಬೇಡಪ್ಪ," ಅಂದೆ. "ಅವರು ಕಳೆದುಹೋಗಿಲ್ಲ. ನೋಡ್ತಾ ಇದಾರೆ, ಅಷ್ಟೆ."

ಅವನು ನನ್ನನ್ನು ಒಂದು ಥರ ನೋಡಿ ಹೋದ. ನಾನು ಕಾಲು ಮೇಲೆತ್ತಿಕೊಂಡು ಗಟ್ಟಿಯಾಗಿ ಕೂತೆ. ಗಾಜಿನ ನವಿಲುಗಳನ್ನು ಮನಸ್ಸಿನಲ್ಲೇ ಒಮ್ಮೆ ನೆನೆದು, ಬಿಟ್ಟೆ. ದುಃಖವಾಗಲಿಲ್ಲ ಎಂದರೆ ಸುಳ್ಳು.

ಒಳಗಿನವರನ್ನೆಲ್ಲ ಹೊರಗೆ ಕಳಿಸುವ ಹೊತ್ತಿಗೆ, ಕೊನೆಯ ಗುಂಪಿನ ಹಿಂದೆ ಅಕ್ಕ ಬಂದಳು. ಸೆರಗು ಜಾರಿತ್ತು, ಮುಖ ಬೆವರಿತ್ತು, ಹುಡುಗಿಯ ಹಾಗೆ ಬಿರಬಿರನೆ ನಡೆಯುತ್ತಿದ್ದಳು.

"ಕುಡೀತು ಕಣೇ."

"ನೀರಾ?"

"ಎಲ್ಲಾ ಪ್ರಾಣೀನೂ ಒಂದ್ ಸುತ್ತು ನೋಡಿ ಬಂದೆ. ಆಗ್ಲೂ ಕುಡಿದಿರ್ಲಿಲ್ಲ. ಅಲ್ಲೇ ನಿಂತ್ಕಂಡೆ. ಮುಂಗಾಲು ಎರಡೂ ಹಿಂಗೆ ಅಗ್ಲ ಮಾಡ್ತದೆ, ಇನ್ನೊಂಚೂರು ಅಗ್ಲ ಮಾಡ್ತದೆ, ಆಮೇಲೆ ಕತ್ತು ಇಳಿಸ್ತದೆ. ನಮ್ಮೆಮ್ಮೆ ಆಗಿದ್ರೆ ಅಷ್ಟ್ರಲ್ಲಿ ಎರಡ್ ಬಕೀಟು ಮುಗ್ಸಿರದು. ಇದು ಒಂದ್ ಗುಟುಕು ಕುಡೀತದೆ, ತಲೆ ಎತ್ತಿ ಯಾರಾದ್ರೂ ಬಂದ್ರಾ ಅಂತ ನೋಡ್ತದೆ. ಪಾಪ, ಅದ್ಕೂ ಒಂದು ಬಾಳು." ರಸ್ತೆಯ ಬದಿಯಲ್ಲೇ ಕಾಲು ಅಗಲಿಸಿ ತೋರಿಸಿದಳು. ಬಲೂನಿನವಳು ನಕ್ಕಳು. "ಯಾರೂ ಏಳು ಅನ್ಲಿಲ್ಲ ಕಣೇ. ಹೊತ್ತಾಯ್ತು ಅಂತ ಆಮೇಲ್ ಅಂದ್ರು."

ಹಾಗೆಂದವಳಿಗೆ ಹೊತ್ತು ನೆನಪಾಯಿತು. ನನ್ನ ಕೈ ಗಡಿಯಾರ ಹಿಡಿದು ತಿರುಗಿಸಿ ನೋಡಿದಳು.

"ಅರಮನೆ?"

"ಬಾಗಿಲು ಹಾಕಿರ್ತಾರೆ. ಬಿಡಕ್ಕ."

"ಯಾಕೆ ಕೂಗ್ಸಲಿಲ್ಲ? ಒಳ್ಗೆ ಯಾವ್ದೋ ಮಗೂನ ಮೈಕಲ್ಲಿ ಕೂಗ್ತಿದ್ರು."

ನಾನು ಸೀರೆಯ ದೂಳು ಕೊಡವಿದೆ. ಅವಳು ನನ್ನ ಮುಖ ನೋಡಿದಳು, ಸೆಕ್ಯೂರಿಟಿಯವನ ಕಡೆ ನೋಡಿದಳು. ಅರ್ಥವಾಯಿತೆಂದು ಕಾಣುತ್ತದೆ. ಬಸ್ ಸ್ಟಾಪಿನವರೆಗೂ ಜಿರಾಫೆಯ ಸುದ್ದಿ ಎತ್ತಲಿಲ್ಲ.

ಅರಮನೆಯ ಗೇಟಿನ ಮುಂದಿನ ರಸ್ತೆಯಲ್ಲಿ ಜನ ಆಗಲೇ ನೆರೆದಿದ್ದರು. ಕತ್ತಲು ಇಳಿಯುತ್ತಿತ್ತು. ಒಮ್ಮೆಲೇ ದೀಪಗಳೆಲ್ಲ ಹತ್ತಿಕೊಂಡವು. ಸುತ್ತಲಿನವರೆಲ್ಲ ಫೋನು ಎತ್ತಿ ಹಿಡಿದರು. ನಾನು ಎಷ್ಟು ವರ್ಷಗಳ ಮೇಲೆ ಬಾಯಿ ತೆರೆದುಕೊಂಡು ನಿಂತೆನೋ ತಿಳಿಯದು. ಪಕ್ಕಕ್ಕೆ ತಿರುಗಿದರೆ ಅಕ್ಕ ದೀಪಗಳನ್ನು ನೋಡುತ್ತಿರಲಿಲ್ಲ.

"ನಿನ್ ಫೋನ್ ಕೊಡು. ಪಕ್ಕದ ಮನೆಯವ್ಳಿಗೆ ಹಚ್ಚಿಕೊಡು."

ಹಚ್ಚಿಕೊಟ್ಟೆ. ಆ ಕಡೆಯವಳ ಗಂಟಲು ದೊಡ್ಡದು, ಎಲ್ಲ ನನಗೂ ಕೇಳುತ್ತಿತ್ತು.

"ಏನಕ್ಕ, ನಾಳೆ ಬತ್ತೀಯಲ್ಲ? ನಿನ್ನೆಮ್ಮೆ ನಂಗೆ ನಿನ್ನೆ ಒದ್ದೈತೆ."

"ಒದಿಯಕಿಲ್ಲ, ಬೆಲ್ಲ ಕೊಡು. ನಾಳೆ ಸಂಜೆಗೆ ನಾ ಬರಕಾಗಕಿಲ್ಲ ಕಣೇ. ರಾತ್ರಿ ಬತ್ತೀನಿ. ಸಂಜೆ ಹೊತ್ತೂ ನೀನೇ ಕರ್ಕ."

"ಅಯ್ಯೋ, ಮತ್ತೊಂದ್ ಹೊತ್ತಾ?"

"ಆ ಹೊತ್ತಿನ ಹಾಲು ನಿಂದೇಯ. ನಿನ್ ಹೆಸ್ರಿಗೇ ಡೈರಿಗೆ ಹಾಕ್ಕ."

"ಪೂರ್ತಿನಾ?"

"ಪೂರ್ತಿ."

"ಹಂಗಾದ್ರೆ ನಿಧಾನಕ್ಕೆ ಬಾರಕ್ಕ, ಅವಸ್ರ ಏನೈತೆ."

ಅಕ್ಕ ಫೋನನ್ನು ನನ್ನ ಕೈಗಿಟ್ಟಳು. "ನಾಳೆ ಬೆಳಿಗ್ಗೆ ಬಾಗ್ಲು ತೆಗ್ಯೋ ಹೊತ್ತಿಗೆ ನೀ ಇಲ್ಲಿರ್ತೀಯ. ನೋಡ್ಕಂಡು ಮಧ್ಯಾಹ್ನದ ಬಸ್ಸಿಗೆ ಹೋಗಾನ."

"ಒಂದು ಹೊತ್ತಿನ ಹಾಲು ಯಾಕಕ್ಕ ಕಳ್ಕೊಳ್ತೀಯ, ನನಗೋಸ್ಕರ..."

"ನನ್ ಎಮ್ಮೆ. ನನ್ ಹಾಲು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಏನೋ ಒಂದು ಎತ್ತರವಿತ್ತು. "ನಾ ಯಾರ್ಗೂ ಏನೂ ತೋರ್ಸಿಲ್ಲ ಇಲ್ಲೀವರ್ಗೂ. ನಿಂಗೆ ಅರಮನೆ ತೋರಿಸ್ತೀನಿ. ಬ್ಯಾಡ ಅಂದ್ರೆ ಅನ್ನು."

ಬೇಡವೆನ್ನುವ ಅಭ್ಯಾಸ ನನಗೆ ಬಹಳ. ಬೇರೆಯವರಿಂದ ತೆಗೆದುಕೊಳ್ಳುವುದು ಮ್ಯಾನರ್ಸ್ ಅಲ್ಲವೆಂದು ಕಲಿತವಳು, ಕೊಡುವ ಕಡೆಯೇ ನಿಂತು ಬಾಳು ಕಳೆದವಳು. ಕೊಡುವ ಕಡೆಯ ಜಾಗ ಎಷ್ಟು ಆರಾಮವೆಂದು ಆ ರಸ್ತೆಯಲ್ಲಿ ನಿಂತಾಗ ತಿಳಿಯಿತು.

"ಸರಿ," ಅಂದೆ.

ಆಗ ಅವಳು ಮೊದಲ ಸಲ ದೀಪಗಳ ಕಡೆ ತಿರುಗಿದಳು. "ಕರೆಂಟ್ ಬಿಲ್ಲು ಯಾರು ಕಟ್ತಾರೋ," ಅಂದಳು.

ಸೋಮವಾರ ಗೇಟು ತೆರೆಯುವ ಹೊತ್ತಿಗೆ ನಾವು ಅಲ್ಲಿದ್ದೆವು. ನನ್ನ ಪಾಲಿನ ದುಡ್ಡಿನಲ್ಲಿ ನಾನು ಒಂದು ಟಿಕೆಟ್ ತೆಗೆದುಕೊಂಡೆ. ಅಕ್ಕ ನನ್ನ ಸೂಟ್‌ಕೇಸು, ತನ್ನ ಬ್ಯಾಗು ಎರಡನ್ನೂ ಕಾಲ ಬಳಿ ಇಟ್ಟುಕೊಂಡು ನೆರಳು ನೋಡಿ ಕೂತಳು, ಜಮೀನಿಗೆ ಕಾವಲು ಕೂತ ಹಾಗೆ.

"ನಿಧಾನಕ್ಕೆ ನೋಡ್ಕಂಡ್ ಬಾ. ನಾ ಕೂಗ್ಸಕಿಲ್ಲ."

ಒಳಗೆ ಹೋಗಿ ಗಾಜಿನ ಚಾವಣಿಯ ಕೆಳಗೆ ನಿಂತೆ. ಒಂದು ಸ್ಕೂಲಿನ ಮಕ್ಕಳು ಸಾಲಾಗಿ ಬಂದು, ಟೀಚರ್ ತಟ್ಟಿದ ಹಾಗೆ ಹಾದುಹೋದರು. ಇನ್ನೊಂದು ಗುಂಪು ಬಂತು, ಹೋಯಿತು. ನಾನು ಕಂಬಕ್ಕೆ ಒರಗಿ, ಕತ್ತು ನೋಯುವವರೆಗೆ, ಒಂದೊಂದೇ ನವಿಲನ್ನು ನೋಡಿದೆ. ಹೊರಗೆ ಕೂತ ಅಕ್ಕ ಒಂದು ಹೊತ್ತಿನ ಹಾಲು ಕೊಟ್ಟು ಕೊಂಡ ಹೊತ್ತು ಅದು. ಬೇಗ ಮುಗಿಸುವುದು ನ್ಯಾಯವಾಗಿರಲಿಲ್ಲ.